ನರಿರಾಯನ ಅರ್ಧ ಪ್ರಶ್ನೆ

ಒಂದು ಕಾಡಿನಲ್ಲಿ ಮುಳ್ಳಕ್ಕ ಎಂಬ ಮುಳ್ಳುಹಂದಿ ಇದ್ದಳು. ಮಹಾ ಅನುಮಾನದವಳು. ಉದುರಿದ ನೆಲ್ಲಿಕಾಯಿಯನ್ನೂ ಮೂಸಿ ನೋಡದೆ ಬಾಯಿಗಿಡುತ್ತಿರಲಿಲ್ಲ.

ಅಲ್ಲಿ ಬೇಸಿಗೆ ಬಂದರೆ ಹುಲ್ಲು ತಿನ್ನುವವರಿಗೂ ಮಾಂಸ ತಿನ್ನುವವರಿಗೂ ಕಬಡ್ಡಿ ನಡೆಯುತ್ತಿತ್ತು. ಗೆದ್ದವರಿಗೆ ಕೊಳದ ನೀರು ಮೊದಲು, ಸೋತವರಿಗೆ ಉಳಿದ ಕೆಸರು! ಅದಕ್ಕೇ ಆನೆಯಜ್ಜ ಒಳ್ಳೆಯ ತೀರ್ಪುಗಾರರನ್ನು ಆರಿಸಲು ಪರೀಕ್ಷೆ ಇಟ್ಟ. "ನಿಯಮವೆಲ್ಲ ನನಗೆ ಬಾಯಿಪಾಠ" ಎಂದು ನರಿರಾಯ ಪ್ರಶ್ನೆ ಕೇಳುವ ಕೆಲಸ ಗಿಟ್ಟಿಸಿಕೊಂಡ. ಒಬ್ಬೊಬ್ಬರನ್ನೇ ಗುಹೆಯೊಳಗೆ ಕರೆದ.

ಮೊಲ ಅಳುತ್ತಾ ಹೊರಗಿದ್ದ ಮುಳ್ಳಕ್ಕನ ಬಳಿ ಬಂತು. "ದಾಳಿಗೆ ಹೋದ ಆಟಗಾರ ಅಂಕಣದ ಪಕ್ಕದ ಪಟ್ಟಿಗೆ ಕಾಲಿಟ್ಟ, ಔಟೋ ಅಲ್ಲವೋ ಅಂತ ಕೇಳಿದ. ಔಟ್ ಅಂದೆ. ತಪ್ಪಂತೆ ಅಕ್ಕಾ!"

ಹಿಂದೆಯೇ ಜಿಂಕೆ ಬಂತು. "ನನಗೂ ಅದೇ ಪ್ರಶ್ನೆ. ಔಟಲ್ಲ ಅಂದೆ. ಅದೂ ತಪ್ಪಂತೆ!"

ಆಮೇಲೆ ನರಿರಾಯನ ಸೋದರಳಿಯ ಕೊರಳಿಗೆ ಸೀಟಿ ಹಾಕಿಕೊಂಡು ಹಲ್ಲುಕಿರಿಯುತ್ತಾ ಬಂದ. ಅವನೊಬ್ಬನೇ ಪಾಸು!

ಮುಳ್ಳಕ್ಕನ ಮುಳ್ಳುಗಳು ನಿಮಿರಿದವು. ಅದು ಹೇಗೆ ಎರಡೂ ತಪ್ಪಾಗುತ್ತದೆ? ಎದುರಾಳಿಯನ್ನು ಮುಟ್ಟಿದ ಮೇಲೆ ಪಟ್ಟಿಗೆ ಕಾಲಿಡಬಹುದು, ಮುಟ್ಟದೆ ಇಟ್ಟರೆ ಔಟ್. ಮುಟ್ಟಿದ್ದನೋ ಇಲ್ಲವೋ, ಪ್ರಶ್ನೆಯಲ್ಲಿ ಅದೇ ಇಲ್ಲ! "ಅಯ್ಯೋ ಕಳ್ಳಾ, ಬೆಕ್ಕು ಕಣ್ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ?" ಎಂದು ಗೊಣಗುತ್ತಾ ಆನೆಯಜ್ಜನ ಬಳಿ ಹೋದಳು.

"ಅಜ್ಜಾ, ಪರೀಕ್ಷೆ ಮಾಡುವವನಿಗೂ ಎಲ್ಲರೆದುರು ಒಂದು ಪ್ರಶ್ನೆ ಕೇಳಲಾ?"

"ಕೇಳಮ್ಮಾ" ಎಂದ ಅಜ್ಜ ಎಲ್ಲರನ್ನೂ ಕರೆಸಿದ.

"ನರಿರಾಯಾ, ಒಂದು ಪ್ರಾಣಿ ಕೊಳದ ನೀರು ಕುಡಿಯಿತು. ಸರಿಯೋ ತಪ್ಪೋ?"

"ಸರಿ!"

"ಊಹೂಂ. ಅದರ ಸರದಿ ಬಂದಿರಲಿಲ್ಲ."

"ಹಾಗಾದರೆ ತಪ್ಪು!"

"ಅದೂ ಅಲ್ಲ. ಸರದಿ ಬಂದಿತ್ತು."

ನರಿರಾಯ ಕೆರಳಿದ. "ಸರದಿ ಬಂದಿತ್ತೋ ಇಲ್ಲವೋ ಹೇಳದೆ ಅರ್ಧ ಪ್ರಶ್ನೆ ಕೇಳಿದರೆ ಯಾರು ಉತ್ತರ ಹೇಳುತ್ತಾರೆ? ಇದು ಶುದ್ಧ ಮೋಸ!"

"ಆಟಗಾರ ಮುಟ್ಟಿದ್ದನೋ ಇಲ್ಲವೋ, ಮೊಲಕ್ಕೆ ಹೇಳಿದ್ದೆಯಾ?"

ನರಿರಾಯ ಬಾಲ ಮುದುರಿಕೊಂಡು ಹಿಂದೆ ಸರಿದ. "ಮೋಸ ಅಂತ ನೀನೇ ತೀರ್ಪು ಕೊಟ್ಟೆಯಲ್ಲೋ" ಎಂದ ಆನೆಯಜ್ಜ, ಅಳಿಯನ ಕೊರಳಿನಿಂದ ಸೀಟಿಯನ್ನು ಸೊಂಡಿಲಲ್ಲಿ ಎತ್ತಿಕೊಂಡ. ಮಾಡಿದ್ದುಣ್ಣೋ ಮಹಾರಾಯ! ಆ ಬೇಸಿಗೆ ಪೂರ್ತಿ ಮಾವ ಅಳಿಯ ಇಬ್ಬರಿಗೂ ಕೆಸರೇ ಗತಿಯಾಯಿತು.

ಪೂರ್ತಿ ಪ್ರಶ್ನೆಗಳೊಂದಿಗೆ ಎಲ್ಲರೆದುರು ಮತ್ತೆ ಪರೀಕ್ಷೆ ನಡೆಯಿತು. ಸೀಟಿ ಮುಳ್ಳಕ್ಕನ ಪಾಲಾಯಿತು. ಅವಳು ಅದನ್ನೂ ಒಮ್ಮೆ ಮೂಸಿ ನೋಡಿಯೇ ಬಾಯಿಗಿಟ್ಟಳು.

ನೀತಿ: ಪ್ರಶ್ನೆಯೊಳಗೇ ಮೋಸ ಬಚ್ಚಿಡುವವನು ಒಂದು ದಿನ ಅಂಥದೇ ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ.