ಓಬಳೇಶನ ಕಾಲಿಗೆ ಎಂಟು ಅಂದ್ರೆ ಎಷ್ಟು

ದುರ್ಗದ ಬಂಡೆಗಳ ಬುಡದಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಓಬಳೇಶ ಒಬ್ಬನೇ ಮಗ. ಹೇಳಿದ್ದು ಹೇಳಿದ ಹಾಗೇ ಮಾಡೋನು, ಅದಕ್ಕೇ ಊರಲ್ಲಿ ಯಾರೂ ಅವನನ್ನ ಕೆಲಸಕ್ಕೆ ಕರೀತಿರಲಿಲ್ಲ. ಈಗಲೇ ನಗಬೇಡಿ, ನಗೋಕೆ ಮುಂದೆ ಬೇಕಾದಷ್ಟಿದೆ.

ಬಂಡೆ ಹತ್ತೋದು ಕಲಿಸೋ ಜಬೀವುಲ್ಲಾ ಮೇಷ್ಟ್ರಿಗೆ ಹಗ್ಗ ಹಿಡಿಯೋಕೆ ಒಬ್ಬ ಆಳು ಬೇಕಾಗಿತ್ತು. ಬಂಡೆ ಹತ್ತೋ ಶೂ ಹಾಕ್ಕೊಂಡು ಬಂದು, ತುದೀಲಿ ಕಟ್ಟಿರೋ ಗಂಟೆ ಹೊಡೆದೋನಿಗೆ ಕೆಲಸ ಅಂದ್ರು. ಇದೊಂದು ಸಿಕ್ಕಿದ್ರೆ ಮಗ ದಡ ಸೇರಿದ ಅಂತ ತಿಪ್ಪಮ್ಮನ ಆಸೆ. "ನಿನ್ನ ನಂಬರು ಎಂಟು ಕಣಪ್ಪ. ಬೇರೇದು ಮುಟ್ಟಲೇಬೇಡ" ಅಂತ ಪೇಟೆಗೆ ಕಳಿಸಿದಳು.

ಈ ಕಂಪನೀದು ಚಿಕ್ಕದು, ಒಂಬತ್ತು ತಗೋ ಅಂತ ಅಂಗಡಿಯವನು ಬಡ್ಕೊಂಡ. ಇವನು ಮುಟ್ಟಲೇ ಇಲ್ಲ. ಎಂಟೇ ತಂದ, ಹೆಬ್ಬೆರಳು ಊದಿಸಿಕೊಂಡು ಕುಂಟ್ತಾ ತಂದ. ಅಯ್ಯೋ ದಡ್ಡ, ಒಂಬತ್ತು ತರಬೇಕಿತ್ತು ಅಂತ ಬೈದಳು ಅವ್ವ.

ಮಾರನೇ ದಿನ ವಾಪಸ್ ಹೋದ. ಆ ಕಂಪನೀದು ಒಂಬತ್ತು ಖಾಲಿ. ಇನ್ನೊಂದು ಕಂಪನೀದಿತ್ತು, ಅದು ದೊಡ್ಡದು, ಏಳೇ ಸಾಕು ಅಂದ ಅಂಗಡಿಯವನು. ಅವ್ವ ಒಂಬತ್ತು ಅಂದವ್ಳೆ ಅಂತ ಒಂಬತ್ತೇ ತಂದ. ಕಾಲು ಒಳಗೆ ಅಡ್ಡಾಡ್ತಿತ್ತು. ತಿಪ್ಪಮ್ಮ ಹಣೆ ಚಚ್ಚಿಕೊಂಡಳು. ನಂಬರು ಹಾಳಾಗಲಿ, ನಿನ್ನ ಕಾಲಿಗೆ ಹಾಕಿ ನೋಡಿ, ಬಿಗಿಯಾಗಿ ಕೂತದ್ದನ್ನ ತಾ, ಹಂಗೇ ನನಗೂ ಒಂದು ಜೊತೆ ಚಪ್ಪಲಿ ತಾ ಅಂದಳು.

ಮೂರನೇ ಕಂಪನೀದು ಏಳೂವರೆ ಕಾಲಿಗೆ ಗಚ್ಚಾಗಿ ಕೂತಿತು. ಅವ್ವನ ಚಪ್ಪಲೀನೂ ತನ್ನ ಕಾಲಿಗೇ ಹಾಕಿ ನೋಡಿ, ಬಿಗಿಯಾಗಿ ಕೂತದ್ದನ್ನೇ ತಂದ. ಅದರೊಳಗೆ ತಿಪ್ಪಮ್ಮನಂಥ ಇಬ್ಬರು ನಿಲ್ಲಬಹುದಿತ್ತು.

"ಇನ್ಮೇಲೆ ಯಾರೇ ನಂಬರು ಹೇಳಲಿ, ಯಾವ ಕಂಪನೀದು, ಯಾರ ಕಾಲಿಗೆ ಅಂತ ಕೇಳು ಮಾರಾಯ" ಅಂದಳು. ಅವನು ತಲೆಯಾಡಿಸಿದ.

ಬಂಡೆ ಹತ್ತೋ ದಿನ ಊರೆಲ್ಲ ಸೇರಿತ್ತು. ಒಂದು ಕಾಲಿಗೆ ಮೂರು ನಂಬರು ತಂದ ಪೆದ್ದ ಬಂದ ಅಂತ ಗೇಲಿ ಮಾಡಿದ್ರು. ತಿಪ್ಪಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಓಬಳೇಶ ತಲೆ ತಗ್ಗಿಸಲಿಲ್ಲ.

"ನನ್ನ ಕಾಲು ಬೆಳೆದೂ ಇಲ್ಲ, ಸವೆದೂ ಇಲ್ಲ. ಒಂದೇ ಕಾಲಿಗೆ ಮೂರು ಕಂಪನಿ ಮೂರು ನಂಬರು ಹೇಳಿದ್ರೆ ಪೆದ್ದ ನಾನಾ?"

ಅವನಿಗಿಂತ ಮುಂಚೆ ಹತ್ತಿದ ಐದೂ ಜನ ಹಾಕಿ ನೋಡದೆ ಬರೀ ನಂಬರು ನಂಬಿ ಶೂ ತಂದೋರು, ಕಾಲು ನೋವು ಅಂತ ಅರ್ಧಕ್ಕೇ ಇಳಿದಿದ್ರು. ಇವನು ಹತ್ತಿಯೇ ಬಿಟ್ಟ. ಗಂಟೆ ಹೊಡಿ ಅಂದಿದ್ರು, ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಕೂಗಿ ಸುಸ್ತಾಗೋ ತನಕ ಹೊಡೆದ. ಕೆಳಗೆ ತಿಪ್ಪಮ್ಮ ಅಳ್ತಾ ನಗ್ತಿದ್ದಳು.

ಕೆಲಸ ನಿಂದೇ, ನಾಳೆ ಬೆಳಗ್ಗೆ ಎಂಟಕ್ಕೆ ಬಾ ಅಂದ್ರು ಮೇಷ್ಟ್ರು.

"ಯಾವ ಕಂಪನೀದು ಎಂಟು ಸಾರ್? ಯಾರ ಕಾಲಿಗೆ?"

ಮೇಷ್ಟ್ರು ಕೈ ಮುಗಿದು, ನಿನ್ನ ಕಾಲಿಗೇ ಬಾರಪ್ಪ ಅಂದ್ರು.

ಮಾರನೇ ದಿನ ಮೇಷ್ಟ್ರು ಬರೋ ಹೊತ್ತಿಗೆ ಓಬಳೇಶ ಬಾಗಿಲಲ್ಲೇ ಕೂತಿದ್ದ. ಪರವಾಗಿಲ್ಲವೇ, ಅರ್ಧ ಗಂಟೆ ಮುಂಚೆನೇ ಬಂದಿದೀಯ ಅಂತ ಮೇಷ್ಟ್ರು ಬೆನ್ನು ತಟ್ಟಿದ್ರು.

ಅವನಿಗೆ ಸಿಟ್ಟು ಬಂತು. "ಮುಂಚೆ ಎಲ್ಲಿ ಸಾರ್? ಸರಿಯಾಗೇ ಬಂದಿದೀನಿ. ನಿಮ್ಮ ಎಂಟು ನನ್ನ ಕಾಲಿಗೆ ಏಳೂವರೆ."