ಗಿರಾಕಿಯನ್ನು ಎದುರಂಗಡಿಗೆ ದಾಟಿಸಿದ ಗುಮಾಸ್ತ

ಇಳಕಲ್ಲಿನ ಗುರುಶಾಂತಪ್ಪ ಸಾವುಕಾರರ ಸೀರೆ ಅಂಗಡಿಗೆ ಹೊಸದಾಗಿ ವೆಬ್‌ಸೈಟ್ ಆಯಿತು. ಅದರಲ್ಲಿ ಸೀರೆಗಳ ವಿಡಿಯೋ ಹಾಕಬೇಕಿತ್ತು.

"ವಿಡಿಯೋ ಇಡಾಕ ರೊಕ್ಕ ಕೊಟ್ಟು ತಗೊಳ್ಳೋ ಸರ್ವಿಸ್ ಛಲೋರಿ. ಪುಕ್ಕಟೆ ಸರ್ವಿಸ್‌ನ್ಯಾಗ ನಮ್ಮ ವಿಡಿಯೋ ಮುಗಿದ ಕೂಡ್ಲೇ ಎದುರಂಗಡಿಯವರ ಸೀರಿ ತೋರಸ್ತೈತಿ," ಅಂದ ಗುಮಾಸ್ತ.

"ತೋರಿಸಿದ್ರ ತೋರಿಸ್ಲಿ! ನನಗ ಯಾಪಾರ ಕಲಸಾಕ ಬರಬ್ಯಾಡ. ಪುಕ್ಕಟೆದ್ದೇ ಹಾಕು," ಎಂದು ಸಾವುಕಾರರು ಗದರಿದರು.

ಗುಮಾಸ್ತ ತಲೆಯಾಡಿಸಿ ಪುಕ್ಕಟೆದ್ದನ್ನೇ ಹಾಕಿದ.

ಮರುದಿನ ಹೆಣ್ಣುಮಗಳೊಬ್ಬಳು ಬಂದು ಗಾದಿಯ ಮೇಲೆ ಕೂತಳು. ಗುಮಾಸ್ತ ಆಕೆಗೆ ಚಹಾ ತರಿಸಿದ, ಕೆಂಪು ಸೆರಗಿನ ಸೀರೆಯೊಂದನ್ನು ಹರವಿ ತೋರಿಸಿದ. ಆಕೆ "ಭಾಳ ಛಂದ ಐತಿ" ಅಂದದ್ದೇ ತಡ, ಸೀರೆ ಮಡಚಿಟ್ಟು ಎದ್ದು ನಿಂತ.

"ಬರ್ರಿ, ಇನ್ನ ಎದುರಂಗಡಿ ಸೀರಿ ನೋಡೀರಂತ."

ಆಕೆಯನ್ನು ರಸ್ತೆ ದಾಟಿಸಿ, ಅಲ್ಲಿಯ ಗಾದಿಯ ಮೇಲೆ ಕೂರಿಸಿ, ಕೈ ಮುಗಿದು ಬಂದ.

ಸಾವುಕಾರರಿಗೆ ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಸಿಕ್ಕಿತು. "ತಲಿ ಕೆಟ್ಟೈತೇನಲೇ ನಿನಗ?"

"ನಮ್ಮ ವೆಬ್‌ಸೈಟ್ ಮಾಡೋ ಕೆಲಸಾನೇ ನಾನೂ ಮಾಡೀನ್ರಿ. ಅದೂ ಪುಕ್ಕಟೆ."

ಸಾವುಕಾರರು ಎದುರಂಗಡಿಯತ್ತ ನೋಡಿದರು, ಗುಮಾಸ್ತನ ಮುಖ ನೋಡಿದರು. ತಡೆಯಲಾಗದೆ ಹೊಟ್ಟೆ ಕುಣಿಸಿ ನಕ್ಕುಬಿಟ್ಟರು.

"ರೊಕ್ಕದ್ದೇ ತಗೊಳ್ಳೋ ಮಾರಾಯಾ! ಆದ್ರ ಹೋದ ಗಿರಾಕಿ ತಿರುಗಿ ಬರ್ತಾಳೇನು?"

"ವೆಬ್‌ಸೈಟಿಂದ ಹೋದವರು ಬರೂದಿಲ್ರಿ. ಈಕಿ ಬರ್ತಾಳ, ನಮ್ಮ ಅತ್ತಿಗಿ. ಅವರ ಅಂಗಡಿ ಚಹಾನೂ ಕುಡಿದು ಬಾ ಅಂತ ಹೇಳೀನಿ."