ಜೀಪಿನ ಉಸಿರು

ನನ್ನ ಚಹಾದಂಗಡಿ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಬಸಲಿಂಗ ಸಾವ್ಕಾರರ ರೇಸಿನ ಜೀಪಿಗೆ ಹೊಸ ಹೆಡ್, ಅಂದ್ರೆ ಇಂಜಿನ್ನಿನ ಮೇಲಿನ ಮುಚ್ಚಳ, ಹಾಕಬೇಕಿತ್ತು. ಇಂಜಿನ್ ಗಾಳಿ ಎಳೆಯೋದು ಅದರ ತೂತುಗಳಿಂದಲೇ. ಈ ಜೀಪಿಗೆ ಸಣ್ಣ ತೂತಿನ ಹೆಡ್ಡೇ ಸರಿ ಅಂತ ಬೆಳಗ್ಗಿಂದ ಹೇಳಿ ಹೇಳಿ, ಪಾಪ, ಸೋತಿದ್ದ.

"ದೊಡ್ಡ ತೂತಿಂದು ಹಾಕಲೇ. ಜೀಪು ಗುಡ್ಡ ಹತ್ತಲಿಲ್ಲಂದ್ರ ನಿನ್ನ ಕೆಲಸ ಹೋತು," ಅಂದರು ಸಾವ್ಕಾರರು.

"ಹಾಕ್ತೀನ್ರಿ. ಮೊದಲು ಚಹಾ ಕುಡೀರಿ. ಆಯಿಗೆ ಕೆಮ್ಮು, ಒಲಿ ಆರ್ಲಿಕತ್ತದ, ಒಂದೀಟು ಊದ್ರಿ," ಅಂತ ಮೇಸ್ತ್ರಿ ನನ್ನ ಕಡೆ ಕೈ ತೋರಿಸಿದ.

ನನ್ನ ಊದುಕೊಳವೆ ಬಚ್ಚಿಟ್ಟು, ಅಗಲವಾದ ನೀರಿನ ಪೈಪು ಕೊಟ್ಟ. "ದೊಡ್ಡವರಿಗೆ ದೊಡ್ಡದು."

ಸಾವ್ಕಾರರು ಊದಿದರು. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು, ಮೀಸೆ ತುಂಬ ಬೂದಿ. ಬೆಂಕಿ ಮಾತ್ರ ಏಳಲಿಲ್ಲ.

"ಥೂ! ಇದರಾಗ ಉಸಿರೆಲ್ಲ ಹರಡಿ ಹೋಗ್ತದಲೇ! ಸಣ್ಣ ಕೊಳವಿ ಕೊಡು!"

ಕೊಟ್ಟ. ಒಂದೇ ಸಲ ಊದಿದ್ದಕ್ಕೆ ಒಲೆ ಧಗ್ಗನೆ ಹೊತ್ತಿತು.

ಮೇಸ್ತ್ರಿ ಜೀಪಿನ ಕಡೆ ನೋಡಿದ. "ಅದಕ್ಕೂ ಮಾತು ಬಂದಿದ್ರ ಇದನ್ನೇ ಕೇಳ್ತಿತ್ರೀ, ಸಾವ್ಕಾರ್ರ."

ಸಾವ್ಕಾರರು ಮೀಸೆ ಒರೆಸಿಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ಸಣ್ಣದೇ ಹಾಕು. ಊರಾಗ ಯಾರರ ಕೇಳಿದ್ರ ದೊಡ್ಡದು ಅಂತ ಹೇಳು."

"ಹೇಳ್ತೀನ್ರಿ," ಅಂತ ಮೇಸ್ತ್ರಿ ಹಳೇ ಟೈರಿನ ಮೇಲೆ ಕುಸಿದು ಕೂತ. ಅವತ್ತಿನ ಮೊದಲ ಚಹಾ ಆಗ ಅವನ ಕೈಗೆ ಬಂತು.